ಸೋಪು ಹಾಕದ ಕೈ

ಕೇತ್ತಿ
17 ನವೆಂಬರ್ 2024

ಪ್ರೀತಿಯ ತಮ್ಮ ಸರವಣನಿಗೆ,

ನಿನ್ನೆ ಮೊದಲ ಬಸ್ಸಿಗೆ ಬೆಟ್ಟ ಇಳಿದು ಕೊಯಮತ್ತೂರಿಗೆ ಬಂದಿದ್ದೆ. ಭೇಟಿಯ ಚೀಟಿ ಬರೆಸಿ, ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಜೈಲಿನ ಬೆಂಚಿನ ಮೇಲೆ ಕೂತಿದ್ದೆ. ನನಗಿಂತ ಆಮೇಲೆ ಬಂದವರೆಲ್ಲ ಒಳಗೆ ಹೋಗಿ ತಮ್ಮವರನ್ನು ಮಾತಾಡಿಸಿ ಕಣ್ಣೊರೆಸಿಕೊಂಡು ಹೊರಬಂದರು. ಕೊನೆಗೆ ಕಾವಲಿನವರೊಬ್ಬರು ಹತ್ತಿರ ಬಂದು, "ಯಾರನ್ನೂ ಪಾಕ್ಕಮಾಟ್ಟೇನು ಅಂತಾನಮ್ಮ ನಿನ್ ತಮ್ಮ. ನೀ ಹೊರಡು" ಎಂದರು. ಯಾರನ್ನೂ ನೋಡುವುದಿಲ್ಲವಂತೆ ನೀನು. ಅವ್ವ ಹೋದ ಮೇಲೆ ನಿನ್ನ ಮೂಗು ಒರೆಸಿ ಸಾಕಿದ ನಾನೂ ಆ "ಯಾರನ್ನೂ" ಎಂಬುದರಲ್ಲಿ ಸೇರಿಬಿಟ್ಟೆನಲ್ಲ. ಬುತ್ತಿಯನ್ನು ಮೇಟುಪಾಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಒಂದು ನಾಯಿಗೆ ಹಾಕಿ ಬಂದೆ.

ವಕೀಲರು, ವಸಂತಕುಮಾರ್ ಅವರು, ಎಲ್ಲ ಹೇಳಿದರು. ಅಪೀಲು ಹಾಕಿ ಜಾಮೀನು ಕೇಳುವ ಅರ್ಜಿಗೆ ನೀನು ಸಹಿ ಹಾಕಲಿಲ್ಲ. ಫೋನ್ ಬೇಡವೆಂದು ಬರೆದುಕೊಟ್ಟೆ. ಊಟದ ತಟ್ಟೆಯನ್ನು ಇಟ್ಟ ಹಾಗೇ ಹಿಂದಕ್ಕೆ ತಳ್ಳುತ್ತೀಯ. "ಒಂದೂವರೆ ವರ್ಷದ ಶಿಕ್ಷೆ ದೊಡ್ಡದಲ್ಲಮ್ಮ, ಆದ್ರೆ ಈ ಹುಡ್ಗ ಹಿಂಗೇ ಇದ್ರೆ ಅದು ಮುಗಿಯೋಗಂಟ ಉಳಿಯಾಕಿಲ್ಲ" ಎಂದರು. ಅವರು ಎದುರಿಗೆ ಕೂತಿದ್ದರಿಂದ ನಾನು ಅಳಲಿಲ್ಲ.

ಕಲ್ಲಟ್ಟಿ ಇಳಿಜಾರಿನಲ್ಲಿ ನೀನು ಓಡಿಸುತ್ತಿದ್ದ ಜೀಪು ಉರುಳಿತು, ಪಕ್ಕದಲ್ಲಿ ಕೂತಿದ್ದ ಗೋಪಾಲನ್ ಹೋದ, ನೀನು ಉಳಿದೆ. ನೀನು ಬೇಕೆಂದು ಮಾಡಲಿಲ್ಲ. ನಿನಗೆ ಗೊತ್ತಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನಿನ್ನ ತಲೆಗೆ ಹೋಗುವುದಿಲ್ಲ, ಆದರೂ ಹೇಳುತ್ತೇನೆ.

ಬೇರೆ ಏನು ಬರೆಯಲಿ? ನಿನ್ನ ಮೀನಿನ ವಿಷಯ ಬರೆಯುತ್ತೇನೆ. ಆರೂ ಇವೆ. ಆದರೆ ನೀಲಿ ಗೆರೆಯ ಒಂದು ಮೀನು ಕಪ್ಪಗಾಗಿ, ಮೂಲೆಗೆ ಮುಖ ಮಾಡಿ ನಿಂತುಬಿಟ್ಟಿದೆ. ಹಾಕಿದ ಹುಳು ತಿನ್ನುವುದಿಲ್ಲ. ನಿನ್ನ ಡಿಸ್ಕಸ್ ಮೀನಿನ ಮೇಲೆ ನಾನು ಎಷ್ಟು ಸಿಡುಕಿದ್ದೇನೆ ನಿನಗೆ ಗೊತ್ತು. ನಾವು ಅರ್ಧ ಬಕೆಟ್ ಬಿಸಿನೀರಿನಲ್ಲಿ ಸ್ನಾನ ಮುಗಿಸುವ ಮನೆಯಲ್ಲಿ ಅವಕ್ಕೆ ಹಗಲೂ ರಾತ್ರಿ ಬೆಚ್ಚನೆಯ ನೀರು. ರೊಟ್ಟಿಯಂತೆ ದುಂಡಗಿರುವ, ಮುಖಗಂಟು ಹಾಕಿಕೊಂಡ ಮೀನುಗಳು. ಈಗ ಹೊರಗೆ ಹೋಗುವಾಗ, ಒಳಗೆ ಬರುವಾಗ ಮೊದಲು ಅವನ್ನೇ ನೋಡುತ್ತೇನೆ. ಏನು ಮಾಡಬೇಕು ಎಂದು ಬರೆ. ನನಗಾಗಿ ಬೇಡ, ಅದಕ್ಕಾಗಿ ಬರೆ.

ತಮಿಳಿನಲ್ಲಿ ಬರೆದರೆ ಪತ್ರ ಬೇಗ ನಿನ್ನ ಕೈಗೆ ಸಿಗುತ್ತದಂತೆ. ಕನ್ನಡದ್ದನ್ನು ಓದಿ ನೋಡಿ ಬಿಡಲು ಕನ್ನಡ ಬಲ್ಲ ತಾಳವಾಡಿ ಕಡೆಯವರೊಬ್ಬರು ಡ್ಯೂಟಿಗೆ ಬರಬೇಕಂತೆ. ಬರಲಿ. ನಿನ್ನ ಜೊತೆ ನಾನು ಜನ್ಮದಲ್ಲಿ ತಮಿಳು ಮಾತಾಡಿದವಳಲ್ಲ, ಈಗ ಶುರು ಮಾಡುವುದಿಲ್ಲ.

ನಿನ್ನ ಅಕ್ಕ,
ಕವಿತಾ


ಕೊಯಮತ್ತೂರು
29 ನವೆಂಬರ್ 2024

ಅಕ್ಕ,

ಕಪ್ಪಗಾಗುವುದು ಅಂದರೆ ಹೆದರಿದೆ ಎಂದು ಅರ್ಥ. ಮೊದಲು ಥರ್ಮಾಮೀಟರ್ ನೋಡು. ಇಪ್ಪತ್ತೊಂಬತ್ತಕ್ಕಿಂತ ಕೆಳಗೆ ಇಳಿಯಬಾರದು. ಕೇತ್ತಿಯ ಚಳಿಗೆ ಒಂದೇ ಹೀಟರ್ ಸಾಲದು, ಅಟ್ಟದ ಮೇಲೆ ಇನ್ನೊಂದು ಇದೆ, ಅದನ್ನೂ ಹಾಕು. ಗಾಜಿನ ತೊಟ್ಟಿಯ ಮೂರು ಕಡೆಗೂ ಕಂಬಳಿ ಹೊದಿಸು. ದಿನಾ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಬೇಕು. ಹೊಸ ನೀರೂ ಅಷ್ಟೇ ಬೆಚ್ಚಗಿರಬೇಕು.

ಸೋಪು ಮಾತ್ರ ಬೇಡ. ತೊಟ್ಟಿಗಾಗಲಿ, ಬಕೆಟ್ಟಿಗಾಗಲಿ, ನಿನ್ನ ಕೈಗಾಗಲಿ ಸೋಪು ಸೋಕಬಾರದು. ಸೋಪು ಅಂದರೆ ಅವಕ್ಕೆ ವಿಷ. ಬರೀ ನೀರಿನಲ್ಲಿ ಕೈ ತೊಳೆ.

ಹುಳುವನ್ನು ಚಮಚದಲ್ಲಿ ಹಾಕುತ್ತಿದ್ದೀಯ ಅನ್ನಿಸುತ್ತದೆ. ಅವು ನನ್ನ ಬೆರಳಿನಿಂದ ತಿನ್ನುತ್ತಿದ್ದವು. ಅವಕ್ಕೆ ಮುಖ ಗೊತ್ತಾಗುವುದಿಲ್ಲ, ಕೈ ಗೊತ್ತಾಗುತ್ತದೆ. ಬೆಳಗ್ಗೆ ಸಂಜೆ ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಸುಮ್ಮನೆ ಇರು. ಅಭ್ಯಾಸವಾಗುತ್ತದೆ.

ನನ್ನ ವಿಷಯ ಕೇಳಬೇಡ. ಮೀನಿನ ವಿಷಯ ಕೇಳು, ಬರೆಯುತ್ತೇನೆ.

ಸರವಣ


ಕೇತ್ತಿ
14 ಡಿಸೆಂಬರ್ 2024

ಪ್ರೀತಿಯ ಸರವಣನಿಗೆ,

ನಿನ್ನ ಪತ್ರ ಬಂದ ದಿನ ನಾನು ಎರಡು ಸಲ ಊಟ ಮಾಡಿದೆ. ನೀನು ಬೈದಂತೆಯೇ ಬರೆದಿದ್ದೀಯ, ಇರಲಿ, ಅಕ್ಷರ ನಿನ್ನದೇ. ನಿನ್ನ ಷರತ್ತಿಗೂ ಒಪ್ಪಿದೆ. ಮೀನು ಇರುವವರೆಗೆ ನೀನು ಬರೆಯುತ್ತೀಯ ಎಂದಾಯಿತು. ಹಾಗಾದರೆ ಅವು ಸಾಯಬಾರದು. ನನಗೆ ಈಗ ಇರುವುದು ಇದೊಂದೇ ಕೆಲಸ.

ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. ಬೆಳಗ್ಗೆ ಎದ್ದು ಒಲೆ ಹಚ್ಚಿ, ನೀರು ಕಾಯಿಸಿ, ಕೈ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಅವಕ್ಕೆ ಹಾಕಿ ಕೆಲಸಕ್ಕೆ ಓಡುತ್ತೇನೆ. ಕ್ಯಾರೆಟ್ ತೊಳೆಯುವ ಯಂತ್ರದ ಹತ್ತಿರ ಹಗಲೆಲ್ಲ ಐಸಿನಂಥ ನೀರು. ಸಂಜೆ ಬರುವಾಗ ಬೆರಳುಗಳು ನನ್ನವೇ ಅಲ್ಲ ಅನ್ನಿಸುತ್ತದೆ, ಬಾಗಿಲ ಚಿಲಕ ತೆಗೆಯಲೂ ಆಗುವುದಿಲ್ಲ. ಒಲೆ ಮುಂದೆ ಕೂತು ತೈಲ ಉಜ್ಜಿ ಬೆರಳು ಬಿಡಿಸಿಕೊಂಡು, ನೀರಿನಲ್ಲಿ ಕೈ ತೊಳೆದು, ಆಮೇಲೆ ನಿನ್ನ ಮೀನಿನ ಸೇವೆ. ಸೋಪನ್ನು ಆ ಕೋಣೆಯೊಳಗೇ ತರುತ್ತಿಲ್ಲ. ಬೆಳಗ್ಗೆ ಲಿಂಗಪೂಜೆ ಮಾಡುವ ಕೈಯಲ್ಲೇ ಕೆಂಪು ಹುಳು ಹಿಡಿದು ನಿಂತಿರುತ್ತೇನೆ. ಅಜ್ಜ ಇದ್ದಿದ್ದರೆ ಮನೆಯಿಂದ ಆಚೆ ಹಾಕುತ್ತಿದ್ದರು. ಮೊದಲ ದಿನ ಹೇಸಿಗೆಯಾಯಿತು. ಈಗ ಆಗುವುದಿಲ್ಲ.

ನೀನು ಹೇಳಿದ್ದು ನಿಜ, ಕೈಗೆ ಬರುತ್ತವೆ. ನೀನು ಯಜಮಾನ ಎನ್ನುತ್ತಿದ್ದೆಯಲ್ಲ, ಆ ಕೆಂಪು ದೊಡ್ಡದು, ಅದು ಮೊದಲು ಬಂದು ಬೆರಳನ್ನು ಮೂಸಿ ನೋಡುತ್ತದೆ.

ಆದರೂ ನೀಲಿ ಗೆರೆಯದು ಉಳಿಯಲಿಲ್ಲ ಕಣೋ. ಮೊನ್ನೆ ಬೆಳಗ್ಗೆ ಅಡ್ಡಬಿದ್ದಿತ್ತು. ಪೇರಲದ ಮರದ ಬುಡದಲ್ಲಿ ಮಣ್ಣು ಮಾಡಿದೆ. ಈಗ ಉಳಿದವುಗಳ ಮೈಮೇಲೆ ಹಾಲಿನ ಕೆನೆಯಂಥ ಲೋಳೆ ಕಾಣುತ್ತಿದೆ. ನೀರು ಬದಲಾಯಿಸಿದಾಗ ಸ್ವಲ್ಪ ಚೇತರಿಸಿಕೊಳ್ಳುತ್ತವೆ, ಆಮೇಲೆ ಮತ್ತೆ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ನೀರಿನ ಮೇಲೆ ತೆಳ್ಳಗೆ ಜಿಡ್ಡಿನ ಪೊರೆಯೂ ಕಟ್ಟುತ್ತದೆ. ಇದು ಯಾವ ರೋಗ? ಬೇಗ ಬರೆ. ಬೇಗ ಎಂದರೂ ಹತ್ತು ದಿನವಾಗುತ್ತದೆ, ಅದೇ ಹೆದರಿಕೆ.

ನಿನ್ನ ಅಕ್ಕ,
ಕವಿತಾ


ಕೊಯಮತ್ತೂರು
27 ಡಿಸೆಂಬರ್ 2024

ಅಕ್ಕ,

ಲೋಳೆ ಬಂದರೆ ಕಲ್ಲುಪ್ಪು. ಬಕೆಟ್ಟಿಗೆ ಎರಡು ಚಮಚದಂತೆ ಕರಗಿಸಿ ನಿಧಾನವಾಗಿ ಸುರಿ. ಹೀಟರನ್ನು ಮೂವತ್ತೆರಡಕ್ಕೆ ಏರಿಸು. ಜಿಡ್ಡು ಹುಳುವಿನದ್ದೇ ಇರಬೇಕು, ಐಸುಗಟ್ಟಿದ ಹುಳುವನ್ನು ಕರಗಿಸುವಾಗ ಬರುವ ನೀರನ್ನು ಚೆಲ್ಲಿ ಹುಳು ಮಾತ್ರ ಹಾಕು. ಪೊರೆ ಕಟ್ಟಿದರೆ ಹಾಳೆಯನ್ನು ನೀರಿನ ಮೇಲೆ ಹಾಸಿ ಎತ್ತು, ಅಂಟಿಕೊಂಡು ಬರುತ್ತದೆ.

ತಿನ್ನುವುದನ್ನು ನಿಲ್ಲಿಸಿದರೆ ಗಾಬರಿಯಿಂದ ಹೊಸ ಹೊಸ ತಿಂಡಿ ಹಾಕಬೇಡ. ಅವಕ್ಕೆ ಹಸಿವು ಇಲ್ಲವೆಂದಲ್ಲ. ತಿನ್ನಲು ಮನಸ್ಸು ಬರುವುದಿಲ್ಲ. ದೀಪ ಆರಿಸಿ, ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರಬೇಕು. ಬಾ ಬಾ ಎಂದು ಕರೆಯಬಾರದು, ಗಾಜು ತಟ್ಟಬಾರದು. ಕೈ ನೀರಿನಲ್ಲಿರಲಿ. ಅದಾಗಿ ಬರುವ ತನಕ ತೆಗೆಯಬೇಡ. ಒಂದು ದಿನ ಬರುತ್ತದೆ.

ನೀಲಿ ಗೆರೆಯದನ್ನು ಪೇಪರಿನಲ್ಲಿ ಸುತ್ತಿ ಎಸೆಯದೆ ಮಣ್ಣು ಮಾಡಿದ್ದಕ್ಕೆ ನಿನಗೆ ಏನು ಹೇಳಬೇಕೋ ಗೊತ್ತಿಲ್ಲ.

ಸರವಣ


ಕೇತ್ತಿ
8 ಜನವರಿ 2025

ಸರವಣ,

ನೀನು ಉಪ್ಪಿನ ವಿಷಯ ಬರೆದ ಪತ್ರ ನನ್ನ ಕೈಗೆ ಬರುವಷ್ಟರಲ್ಲಿ ಇನ್ನೆರಡು ಹೋದವು. ನಾನು ಕೇಳುವುದು ಒಂದು ರೋಗಕ್ಕೆ, ನಿನ್ನ ಉತ್ತರ ತಲುಪುವುದು ಇನ್ನೊಂದಕ್ಕೆ.

ಈ ಸಲದ ಹಿಮ ನೋಡಿದ್ದರೆ ನೀನೇ ಹೆದರುತ್ತಿದ್ದೆ. ಕ್ಯಾರೆಟ್ ಹೊಲವೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಅದೇ ದಿನ ಕರೆಂಟೂ ಹೋಯಿತು. ಬಾಟಲಿಗಳಲ್ಲಿ ಬಿಸಿನೀರು ತುಂಬಿ ತೊಟ್ಟಿಯೊಳಗೆ ತೇಲಿಬಿಟ್ಟು, ಆರಿದಂತೆಲ್ಲ ಬದಲಾಯಿಸುತ್ತಾ, ನನ್ನ ಕಂಬಳಿಯನ್ನೂ ತೊಟ್ಟಿಗೇ ಹೊದಿಸಿ ಕೂತೆ. ಕರೆಂಟು ಬಂತು, ಥರ್ಮಾಮೀಟರ್ ಇಳಿಯಲಿಲ್ಲ, ಗೆದ್ದೆ ಅಂದುಕೊಂಡೆ. ಮರುದಿನ ಕೈಗೆ ಚೆನ್ನಾಗಿ ತೈಲ ಉಜ್ಜಿಕೊಂಡು, ಎಲ್ಲವನ್ನೂ ಪ್ರೀತಿಯಿಂದ ಮಾತಾಡಿಸಿ ಊಟ ಹಾಕಿದೆ. ಅದರ ಮಾರನೆಯ ದಿನ ಹಳದಿಯವು ಎರಡೂ ತಳದಲ್ಲಿದ್ದವು. ಚಳಿಯನ್ನು ತಡೆದೆ, ಆದರೂ ಸತ್ತವು. ಯಾಕೆ ಎಂದು ಯಾರನ್ನು ಕೇಳಲಿ? ಕುನ್ನೂರಿನ ಮೀನಿನಂಗಡಿಯವನನ್ನು ಕೇಳಿದರೆ, "ಮಲೆ ಮೇಲೆ ಡಿಸ್ಕಸ್ ಉಳಿಯಲ್ಲಕ್ಕಾ, ಗೋಲ್ಡ್ ಫಿಶ್ ಎತ್ಕೊಂಡೋಗು" ಎಂದ. ಅವನ ಮುಖಕ್ಕೆ ಉಗಿಯುವುದೊಂದು ಬಾಕಿ.

ಈಗ ಉಪ್ಪು ಹಾಕಿದ್ದೇನೆ. ದೀಪ ಆರಿಸಿ, ಕೈ ನೀರಿನಲ್ಲಿ ಇಟ್ಟು, ಕರೆಯದೆ ಕೂರುತ್ತೇನೆ. ತೋಳು ಜೋಮು ಹಿಡಿಯುವ ತನಕ ಕೂರುತ್ತೇನೆ.

ವಕೀಲರು ಮೊನ್ನೆ ಫೋನ್ ಮಾಡಿದ್ದರು. ನಿನ್ನನ್ನು ಜೈಲಿನ ಆಸ್ಪತ್ರೆಗೆ ಹಾಕಿ ಡ್ರಿಪ್ ಏರಿಸಿದ್ದಾರಂತೆ. ಮೀನಿಗೆ ಊಟ ಮಾಡಿಸುವುದು ಹೇಗೆಂದು ನನಗೆ ಪಾಠ ಹೇಳುತ್ತೀಯಲ್ಲ, ನಿನಗೆ ಊಟ ಮಾಡಿಸುವುದು ಹೇಗೆ? ಅದನ್ನೂ ಬರೆ. ನಿನ್ನ ಪಕ್ಕ ಬಂದು ಸುಮ್ಮನೆ ಕೂರಲು ನಾನು ತಯಾರಿದ್ದೇನೆ. ಬಾ ಬಾ ಎನ್ನುವುದಿಲ್ಲ, ಗಾಜು ತಟ್ಟುವುದಿಲ್ಲ. ನೀನು ನನ್ನನ್ನು ಒಳಗೇ ಬಿಡುತ್ತಿಲ್ಲ.

ಹೊಟ್ಟೆಯುರಿದು ಬರೆದೆ, ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಸರಿ, ಬರೆ.

ಕವಿತಾ


ಕೊಯಮತ್ತೂರು
20 ಜನವರಿ 2025

ಅಕ್ಕ,

ಉಳಿದ ಮೂರನ್ನು ಯಾರಿಗಾದರೂ ಕೊಟ್ಟುಬಿಡು. ನನ್ನ ಕೈ ಹಿಡಿದದ್ದೆಲ್ಲ ಹೀಗೇ ಆಗುತ್ತದೆ. ನಿನಗೆ ಇಲ್ಲದ ಕಷ್ಟ ಕೊಟ್ಟೆ.

ಇನ್ನು ಬರೆಯಬೇಡ. ಬರೆದರೆ ಓದುತ್ತೇನೆ, ಓದಿದ ಮೇಲೆ ಮನಸ್ಸು ಅದರ ಪಾಡಿಗೆ ಇರುವುದಿಲ್ಲ. ಬರೆಯದಿದ್ದರೆ ಎಲ್ಲ ಸುಲಭ.

ಸರವಣ


ಕೇತ್ತಿ
28 ಜನವರಿ 2025

ಸರವಣ,

ಯಾವುದು ಸುಲಭ? ಬಿಡಿಸಿ ಬರೆಯುವ ಧೈರ್ಯ ನಿನಗಿಲ್ಲ, ನನಗೆ ಅರ್ಥವಾಗದೆಯೂ ಇಲ್ಲ. ನಿನ್ನ ಪತ್ರ ಹಿಡಿದುಕೊಂಡೇ ವಕೀಲರ ಮನೆಗೆ ಓಡಿದೆ. ನಿನ್ನನ್ನು ಒಂಟಿಯಾಗಿ ಇರಿಸಬಾರದೆಂದು ಅವರು ಅಲ್ಲಿಗೆ ಬರೆದಿದ್ದಾರೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ಮೀನನ್ನು ಯಾರಿಗೂ ಕೊಡುವುದಿಲ್ಲ. ಕೊಡಬೇಕಿತ್ತೇನೋ. ಒಂದು ಮಾತು ಹೇಳುತ್ತೇನೆ ಕೇಳು. ಪೊಂಗಲ್ ಕಳೆದ ಮೇಲೆ ನನಗೆ ಜ್ವರ ಬಂದು ಏಳಲಾಗಲಿಲ್ಲ. ಪಕ್ಕದ ಮನೆಯ ತೇನ್ಮೊಳಿ ದಿನಾ ಬಂದು ಗಂಜಿ ಮಾಡಿಟ್ಟು, ನಾನು ಹಾಸಿಗೆಯಿಂದಲೇ ಹೇಳಿಕೊಟ್ಟಂತೆ ಮೀನಿಗೂ ಹಾಕಿದಳು. ಅವಳಿಗೆ ಮೀನಿನ ಬಗ್ಗೆ ಏನೂ ಗೊತ್ತಿಲ್ಲ. ಆದರೂ ಮೂರಕ್ಕೂ ಬಣ್ಣ ಬಂತು. ಲೋಳೆ ಹೋಯಿತು. "ಏನಕ್ಕಾ, ಇವ್ಕೆ ಏನೂ ಆಗ್ನಿಲ್ಲ. ನಾಯ್ ಮರಿ ಹಂಗೆ ಕೈಗೇ ಬತ್ತವೆ ನೋಡು" ಎಂದಳು. ನಾನು ಮಲಗಿದ್ದಲ್ಲೇ ಅತ್ತೆ, ಸಂತೋಷಕ್ಕೆ.

ಜ್ವರ ಬಿಟ್ಟ ಮೇಲೆ ನಾನು ಎದ್ದು ಮತ್ತೆ ಹಾಕಲು ಶುರು ಮಾಡಿದೆ. ಕೂಡಲೇ ಮತ್ತೆ ಕಪ್ಪಗಾದವು. ನಿನ್ನೆ ಒಂದು ಹೋಯಿತು. ಯಜಮಾನ ಮತ್ತು ಅದರ ಹೆಣ್ಣು, ಎರಡೇ ಈಗ.

ನನ್ನ ಕೈಗುಣ ಸರಿಯಿಲ್ಲ ಸರವಣ. ಕೆಲವರ ಕೈಯಲ್ಲಿ ಗಿಡ ಬರುವುದಿಲ್ಲ, ಕೆಲವರ ಕೈಯಲ್ಲಿ ಹಾಲು ಹೆಪ್ಪಾಗುವುದಿಲ್ಲ ಎನ್ನುತ್ತಾರಲ್ಲ, ನನ್ನದು ಅಂಥ ಕೈ. ತೇನ್ಮೊಳಿಗೆ ಒಪ್ಪಿಸಿದರೆ ಅವು ಉಳಿಯುತ್ತವೆ ಎಂದು ಗೊತ್ತಿದ್ದೂ ಒಪ್ಪಿಸಲಿಲ್ಲ. ಅವು ಅವಳ ಮನೆಗೆ ಹೋದರೆ ನೀನು ನನಗೆ ಬರೆಯಲು ಏನು ಉಳಿಯುತ್ತದೆ? ಅಷ್ಟು ಸ್ವಾರ್ಥಿ ನಾನು. ರಾಕ್ಷಸಿಯಂತೆ ಹಿಡಿದುಕೊಂಡು ಕೂತಿದ್ದೇನೆ.

ನೀನು ಬರೆಯದಿದ್ದರೂ ನಾನು ಬರೆಯುತ್ತಲೇ ಇರುತ್ತೇನೆ.

ನಿನ್ನ ಅಕ್ಕ,
ಕವಿತಾ


ಕೇತ್ತಿ
9 ಫೆಬ್ರವರಿ 2025

ಸರವಣ,

ಟಪಾಲಿನವನು ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ, ಏನೂ ಇಲ್ಲ ಎಂದು.

ಹೆಣ್ಣು ಮೀನು ಇವತ್ತು ಹೋಯಿತು. ಇನ್ನು ಒಂದೇ. ಅದೂ ತೊಟ್ಟಿಯ ಮೂಲೆಗೆ ಸೇರಿದೆ, ಆದರೂ ನಾನು ಕೈ ಇಳಿಬಿಟ್ಟರೆ ಬರುತ್ತದೆ. ತಿನ್ನುವುದಿಲ್ಲ. ಬಂದು ಬೆರಳಿಗೆ ಮೈ ಒರಗಿಸಿ ನಿಲ್ಲುತ್ತದೆ ಅಷ್ಟೆ.

ನನಗೆ ಇನ್ನು ಕೈಲಾಗುವುದಿಲ್ಲ. ದೇವರಿಗೆ ಹೇಳಿಕೊಂಡೆ, ವಕೀಲರಿಗೆ ಹೇಳಿದೆ, ನಿನಗೆ ಹೇಳಿದೆ. ಮೂವರೂ ಉತ್ತರ ಕೊಡುವುದಿಲ್ಲ.

ಕವಿತಾ


ಕೊಯಮತ್ತೂರು
15 ಫೆಬ್ರವರಿ 2025

ಅಕ್ಕ,

ಇದನ್ನು ಓದಿದ ಕ್ಷಣದಿಂದ ತೊಟ್ಟಿಯೊಳಗೆ ಕೈ ಹಾಕಬೇಡ. ಅರ್ಧ ನೀರು ಬದಲಾಯಿಸು, ನಾಳೆ ಇನ್ನರ್ಧ. ಫಿಲ್ಟರಿನಲ್ಲಿ ತೊಳೆದ ಇದ್ದಿಲು ಹಾಕು. ತೇನ್ಮೊಳಿ ಅಕ್ಕ ಊಟ ಹಾಕಲಿ. ಮೊದಲು ಇಷ್ಟು ಮಾಡಿ ಬಂದು ಆಮೇಲೆ ಮುಂದಕ್ಕೆ ಓದು.

ಜನವರಿ ಇಪ್ಪತ್ತೆಂಟರ ನಿನ್ನ ಪತ್ರ ನಿನ್ನೆ ಸಿಕ್ಕಿತು. ಜ್ವರದ ಮಾತು ಓದಿದೆ. ಕೈಗುಣದ ಮಾತು ಓದಿದೆ. ಓದುತ್ತಾ ಪತ್ರವನ್ನು ಎಂದಿನಂತೆ ಮೂಗಿನ ಹತ್ತಿರ ಹಿಡಿದೆ. ನಿನ್ನ ಎಲ್ಲ ಪತ್ರಗಳಿಗೂ ನೀಲಗಿರಿ ತೈಲದ ವಾಸನೆ ಇರುತ್ತದೆ ಅಕ್ಕ. ಮೊದಲನೆಯದಕ್ಕೇ ಇತ್ತು. ಟವೆಲ್ ಮಡಿಚಿ ತಲೆಗೆ ಇಟ್ಟುಕೊಳ್ಳುತ್ತೇನೆ, ಅದರೊಳಗೆ ಅವನ್ನು ಇಟ್ಟಿದ್ದೇನೆ. ಮನೆಯ ವಾಸನೆ, ಚಳಿಗಾಲದ ವಾಸನೆ. ಈ ಮೂರು ತಿಂಗಳಲ್ಲಿ ನನಗೆ ಬೇಕು ಎನ್ನಿಸಿದ್ದು ಅದೊಂದೇ. ಅದಕ್ಕೇ ನನಗೆ ಹೊಳೆಯಲಿಲ್ಲವೋ ಏನೋ.

ನೀನು ಬರೆದೇ ಇದ್ದೆ, ಒಲೆ ಮುಂದೆ ಕೂತು ತೈಲ ಉಜ್ಜಿ, ಬರೀ ನೀರಿನಲ್ಲಿ ತೊಳೆದು ಕೈ ಹಾಕುತ್ತೇನೆ ಎಂದು. ಎರಡು ಸಲ ಬರೆದಿದ್ದೆ. ಓದಿದ ನಾನು ರೋಗ ಹುಡುಕುತ್ತಿದ್ದೆ. ಅದು ಅಂಗಡಿಯ ತೈಲವಲ್ಲ, ಎಲೆ ಬೇಯಿಸಿ ತೈಲ ತೆಗೆಯುವ ಕೊಟ್ಟಿಗೆಯಿಂದ ನೇರ ತಂದದ್ದು, ಕಣ್ಣಿನ ಹತ್ತಿರ ತಂದರೆ ನೀರು ಬರಿಸುವಂಥದ್ದು. ಅದು ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಸೋಪಿಗೆ ಹೋಗುತ್ತದೆ. ಸೋಪು ಹಾಕಬೇಡ ಎಂದವನು ನಾನು. ಕೈಯನ್ನು ಹೆಚ್ಚು ಹೊತ್ತು ನೀರಿನಲ್ಲಿ ಇಡು ಎಂದವನೂ ನಾನೇ.

ನಿನ್ನ ಕೈಗುಣಕ್ಕೆ ಏನೂ ಆಗಿಲ್ಲ. ನಿನಗೆ ಗೊತ್ತಿರಲಿಲ್ಲ.

ಫೋನ್ ಮಾಡಬೇಕು ಎಂದು ಆಫೀಸಿಗೆ ಓಡಿದೆ. ಬೇಡವೆಂದು ನಾನೇ ಬರೆದುಕೊಟ್ಟಿದ್ದರಿಂದ ಮತ್ತೆ ಅನುಮತಿ ಸಿಗಲು ತಡವಾಗುತ್ತದಂತೆ. ಕೈಮುಗಿದು ನಿಂತೆ. ವಕೀಲರು ಇವತ್ತು ಬರುತ್ತಾರೆ, ಇದನ್ನು ಅವರ ಕೈಗೇ ಕೊಡುತ್ತೇನೆ. ಎಷ್ಟು ಉಳಿದಿವೆ ಎಂದು ಬರೆ. ಬರೆಯಬೇಡ ಎಂದದ್ದನ್ನು ಮರೆತುಬಿಡು.

ಸರವಣ


ಕೇತ್ತಿ
20 ಫೆಬ್ರವರಿ 2025

ನನ್ನ ಸರವಣನಿಗೆ,

ಒಂದು ಉಳಿದಿದೆ, ಯಜಮಾನ. ಇದನ್ನು ಮೊದಲು ಬರೆಯುತ್ತೇನೆ, ನೀನು ಅದಕ್ಕೇ ಕಾಯುತ್ತಿರುತ್ತೀಯ.

ವಕೀಲರು ಪತ್ರ ತಂದುಕೊಟ್ಟಾಗ ನನ್ನ ಕೈಯಲ್ಲಿ ತೈಲದ ಬಾಟಲಿ ಇತ್ತು. ಓದಿದೆ, ನೀನು ಹೇಳಿದ್ದನ್ನೆಲ್ಲ ಮಾಡಿದೆ, ಆಮೇಲೆ ಮುಂದಕ್ಕೆ ಓದಿದೆ. ಓದಿ ಮುಗಿದ ಮೇಲೆ ಒಲೆ ಮುಂದೆ ಕೂತೆ. ಒಲೆ ಆರಿತು, ಹಚ್ಚಲಿಲ್ಲ. ತೇನ್ಮೊಳಿ ಬಂದು, "ಅಕ್ಕಾ, ಬೇಕೂಂತ ಮಾಡ್ದ್ಯಾ? ಗೊತ್ತಿದ್ರೆ ಮಾಡ್ತಿದ್ಯಾ? ಎದ್ದು ಒಂದ್ ವಾಯಿ, ಒಂದೇ ತುತ್ತು ಉಣ್ಣು" ಎಂದಳು. ಅವಳನ್ನು ಹೊಡೆಯಬೇಕು ಅನ್ನಿಸಿತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನೀಲಿ ಗೆರೆಯದು ಹೇಗೆ ಬಾಯಿ ಬಿಡುತ್ತಿತ್ತು, ಹಳದಿಯವು ಕೈ ಕಂಡ ಕೂಡಲೇ ಹೇಗೆ ಓಡಿ ಬರುತ್ತಿದ್ದವು. ಹಿಮ ಬಿದ್ದ ದಿನ ಅವನ್ನು ಉಳಿಸಿದ ಸಂತೋಷಕ್ಕೆ ಇನ್ನಷ್ಟು ತೈಲ ಉಜ್ಜಿಕೊಂಡು ಊಟ ಹಾಕಿದ್ದೆ. ಐದನ್ನೂ ನಾನೇ ಕೊಂದೆ, ದಿನಾ ಎರಡು ಹೊತ್ತು, ಮಾತಾಡಿಸುತ್ತಾ.

ಗೊತ್ತಿರಲಿಲ್ಲ ಎಂದು ನೀನು ಬರೆದಿದ್ದೀಯ. ಆ ಮಾತು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ ಸರವಣ. ಅದನ್ನೇ ನಾನು ನಿನಗೆ ಒಂದು ವರ್ಷದಿಂದ ಹೇಳಿಕೊಂಡು ಬಂದೆ. ಕೋರ್ಟಿನ ವರಾಂಡದಲ್ಲಿ ಹೇಳಿದೆ, ಮೊದಲ ಪತ್ರದಲ್ಲೂ ಬರೆದೆ. ನಿನಗೆ ಬುದ್ಧಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಇನ್ನು ಯಾವತ್ತೂ ಹೇಳುವುದಿಲ್ಲ. ನೀನು ಎಲ್ಲಿ ಕೂತಿದ್ದೀಯ ಎಂದು ನನಗೆ ಆ ದಿನ ಸ್ವಲ್ಪ ಗೊತ್ತಾಯಿತು.

ಈಗ ಯಜಮಾನನ ವಿಷಯ. ನೀರು ಬದಲಾಯಿಸಿದ ಮೇಲೆ ಕಪ್ಪು ಬಿಟ್ಟಿತು. ಆದರೆ ತೇನ್ಮೊಳಿ ಕೈ ಹಾಕಿದರೆ ಈ ಸಲ ಬರಲಿಲ್ಲ. ಚಮಚದಲ್ಲಿ ಹಾಕಿದರೂ ಬರಲಿಲ್ಲ. ನಾನು ಗಾಜಿನ ಆಚೆ ನಿಂತರೆ ಮಾತ್ರ ನಾನು ಇದ್ದ ಕಡೆಗೆ ಬಂದು ನಿಲ್ಲುತ್ತಿತ್ತು. ಅದಕ್ಕೆ ವಿಷ ಹಾಕಿದ ಕೈಯನ್ನೇ ಅದು ಕಾಯುತ್ತಿದೆ ಎಂದು ತಿಳಿದಾಗ ನನಗೆ ಆದ ಸಂಕಟ ಬರೆಯಲು ಬರುವುದಿಲ್ಲ.

ತೈಲವನ್ನು ತೇನ್ಮೊಳಿಯ ಮನೆಗೆ ಕಳಿಸಿದೆ. ಸೋಪು ಹಾಕಿ, ಕಡಲೆಹಿಟ್ಟು ಹಾಕಿ, ಬಿಸಿನೀರಿನಲ್ಲಿ ಮತ್ತೆ ಮತ್ತೆ ಕೈ ತೊಳೆದೆ. ತೈಲವಿಲ್ಲದೆ ಬೆರಳೆಲ್ಲ ಒಡೆದು ರಕ್ತ ಜಿನುಗುತ್ತದೆ, ಇರಲಿ. ತೇನ್ಮೊಳಿಯ ಮೂಗಿಗೆ ಹಿಡಿದು ಕೇಳಿದೆ, ವಾಸನೆ ಇಲ್ಲ ಎಂದಳು. ಆದರೂ ಧೈರ್ಯ ಸಾಲದೆ ಎರಡು ದಿನ ಬಿಟ್ಟೆ. ಇವತ್ತು ಬೆಳಗ್ಗೆ ದೀಪ ಆರಿಸಿ, ಕೈ ಇಳಿಬಿಟ್ಟು ಕೂತೆ. ಅದು ಬಂತು. ಬೆರಳಿನಿಂದ ಹುಳು ತಿಂದಿತು.

ನನಗೆ ಬೈಯಬೇಕಾದರೆ ಬೈದು ಬರೆ. ಸಮಾಧಾನ ಮಾತ್ರ ಬೇಡ.

ನಿನ್ನ ಅಕ್ಕ,
ಕವಿತಾ


ಕೊಯಮತ್ತೂರು
6 ಮಾರ್ಚ್ 2025

ಪ್ರೀತಿಯ ಅಕ್ಕನಿಗೆ,

ಬೈಯುವುದಿಲ್ಲ. ಸಮಾಧಾನವನ್ನೂ ಮಾಡುವುದಿಲ್ಲ. ನಿನ್ನದು ಮೀನು, ನನ್ನದು ಮನುಷ್ಯ. ಎರಡೂ ಒಂದೇ ಎಂದು ನೀನು ಬರೆಯಲಿಲ್ಲ, ಅದಕ್ಕೇ ಪತ್ರವನ್ನು ಪೂರ್ತಿ ಓದಿದೆ.

ಗೋಪಾಲನ್ ಅಣ್ಣ. ಈ ಹೆಸರನ್ನು ಕೋರ್ಟಿನಲ್ಲಿ ಬೇರೆಯವರು ಹೇಳಿದ್ದನ್ನು ಕೇಳಿದ್ದೇನೆ, ನಾನು ಹೇಳಿರಲಿಲ್ಲ. ಅವರು ನಮ್ಮ ರೆಸಾರ್ಟಿನಲ್ಲಿ ಅಡುಗೆ ಮುಗಿಸಿ, ಮಗಳ ಹುಟ್ಟುಹಬ್ಬಕ್ಕೆ ತಮ್ಮೂರು ದೇವಾಲಕ್ಕೆ ಹೋಗಬೇಕಾಗಿತ್ತು. ಗೂಡಲೂರಿನ ಬಸ್ಸು ತಪ್ಪಿತ್ತು. ಊಟಿಗೆ ಹೋಗಿ ಅಲ್ಲಿಂದ ಹೋಗೋಣ ಅಂದರು. ನಾನೇ ಕೂಗಿ ಹತ್ತಿಸಿಕೊಂಡೆ. ನನ್ನ ಊಟದ ಡಬ್ಬಿ ತುಂಬಿಸಿಕೊಡುತ್ತಿದ್ದವರು ಅವರು, ಅವರಿಗೆ ಒಂದು ಉಪಕಾರ ಮಾಡೋಣ ಅಂದುಕೊಂಡೆ. ಕಲ್ಲಟ್ಟಿ ಹತ್ತುವಾಗ ಅರ್ಧದಲ್ಲಿ ಗೇರ್ ಬೀಳದೆ ಜೀಪು ಹಿಂದಕ್ಕೆ ಜಾರಿತು, ಬ್ರೇಕ್ ಹಿಡಿಯಲಿಲ್ಲ. ಬ್ರೇಕ್ ಸಡಿಲ ಇರುವುದು ನನಗೆ ಗೊತ್ತಿತ್ತು ಅಕ್ಕ. ನೀನು ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂದಾಗಲೆಲ್ಲ ನಾನು ಸುಮ್ಮನಾಗುತ್ತಿದ್ದದ್ದು ಅದಕ್ಕೆ. ಇವತ್ತಿನ ಒಂದು ಟ್ರಿಪ್ಪು, ನಾಳೆ ಬಿಚ್ಚಿ ನೋಡೋಣ ಎಂದುಕೊಂಡಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳಿದರೆ ನೀನೂ ಬರುವುದನ್ನು ಬಿಟ್ಟುಬಿಡುತ್ತೀಯ ಎಂದು, ನೀನು ಬಿಡುವ ಮೊದಲು ನಾನೇ ಬೇಡವೆಂದೆ.

ಈಗ ನಿನಗೆ ಗೊತ್ತಾಯಿತು. ಬರಬೇಕೋ ಬೇಡವೋ ನೀನು ನೋಡಿಕೋ.

ಯಜಮಾನ ತಿಂದದ್ದು ಓದಿದ ದಿನ ನಾನೂ ತಟ್ಟೆ ಖಾಲಿ ಮಾಡಿದೆ ಎಂದು ಬರೆದರೆ ನೀನು ಸಂತೋಷಪಡುತ್ತೀಯ, ಆದರೆ ಅದು ಸುಳ್ಳಾಗುತ್ತದೆ. ಅರ್ಧ ತಿಂದೆ. ತಿಂದದ್ದನ್ನು ವಾಂತಿ ಮಾಡಲಿಲ್ಲ. ಮರುದಿನವೂ ಅಷ್ಟು ತಿಂದೆ.

ಭೇಟಿಯ ಚೀಟಿಗೆ ಒಪ್ಪಿಗೆ ಬರೆದುಕೊಟ್ಟಿದ್ದೇನೆ. ಯಾವ ಶನಿವಾರ ಬಂದರೂ ಬಿಡುತ್ತಾರೆ. ನಡುವೆ ಕಬ್ಬಿಣದ ಜಾಲರಿ ಇರುತ್ತದೆ, ಕೈ ಹಿಡಿಯಲು ಆಗುವುದಿಲ್ಲ. ತಿಂಡಿ, ಬಾಟಲಿ, ಏನನ್ನೂ ಒಳಗೆ ಬಿಡುವುದಿಲ್ಲ, ಹೊತ್ತುಕೊಂಡು ಬರಬೇಡ.

ಒಂದು ಕೇಳುತ್ತೇನೆ. ನಿನ್ನ ಈ ಪತ್ರಕ್ಕೆ ಏನೂ ವಾಸನೆ ಇಲ್ಲ. ಹಳೆಯವು ಕೂಡ ಮೂಸಿ ಮೂಸಿ ಬರೀ ಕಾಗದವಾಗಿಬಿಟ್ಟಿವೆ. ಬರುವ ದಿನ ಯಜಮಾನನಿಗೆ ಬೆಳಗ್ಗೆ ಬೇಗ ಊಟ ಹಾಕಿ ತೊಟ್ಟಿ ಮುಚ್ಚಿಬಿಡು. ಆಮೇಲೆ ತೇನ್ಮೊಳಿ ಅಕ್ಕನ ಮನೆಗೆ ಹೋಗಿ, ಒಡೆದ ಬೆರಳಿಗೆಲ್ಲ ಚೆನ್ನಾಗಿ ತೈಲ ಉಜ್ಜಿಕೊಂಡು ಬಾ. ಕೈ ತೊಳೆಯಬೇಡ.

ನಿನ್ನ ತಮ್ಮ,
ಸರವಣ